ಗಾಜು ಕಟ್ಟಿಸಿದ ಕರಾರು

"ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಅರ್ಧ ಗಂಟೆ ಟೈಮು. ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ, ಮೂವತ್ತೊಂದನೇ ನಿಮಿಷಕ್ಕೆ ಇನ್ನೊಬ್ಬರು ಬರ್ತಾರೆ," ಅಂದಳು ಫೋನಿನಲ್ಲಿ ವಕೀಲರ ಸಹಾಯಕಿ. "ನೀವು ಸಹಿ ಮಾಡಿರೋ ಕಾಗದ ಎಲ್ಲಾ ತನ್ನಿ. ಯಾವ ವರ್ಷ ಏನಾಯ್ತು ಅಂತ ಒಂದೇ ಒಂದು ಹಾಳೆಯಲ್ಲಿ ಬರೆದು ತನ್ನಿ. ನಿಮ್ಮ ಕೆಲಸ ಏನು ಅಂತ ತೋರಿಸೋಕೆ ಏನಾದ್ರೂ ಇದ್ರೆ ಅದೂ ಇರಲಿ. ಮತ್ತೆ ಹಾಳೆಯ ಮೇಲುಗಡೆ, ನಿಮಗೆ ಏನು ಬೇಕು ಅಂತ ಒಂದು ವಾಕ್ಯ. ಒಂದೇ ವಾಕ್ಯ. ಗೊತ್ತಾಯ್ತಾ ಅಂಕಲ್?"

ಗೊತ್ತಾಯ್ತು ಅಂದ ಸದ್ದಪ್ಪ. ಏನೂ ಗೊತ್ತಾಗಿರಲಿಲ್ಲ. ಫೋನ್ ಇಟ್ಟವನು ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತ. ಇವತ್ತು ಸೋಮವಾರ. ನಡುವೆ ಇರುವುದು ಒಂದೇ ದಿನ. ಮೂವತ್ತೊಂದು ವರ್ಷವನ್ನು ಒಂದು ಹಾಳೆಗೆ ಇಳಿಸಬೇಕಂತೆ, ಅದರ ಮೇಲೆ ಒಂದು ವಾಕ್ಯ ಬೇರೆ!

"ಏನಂತೆ ರೀ?" ಅಂತ ಒಳಕೋಣೆಯಿಂದ ಹೆಂಡತಿಯ ದನಿ ಬಂತು. ಅದರ ಹಿಂದೆಯೇ ಗಾಲಿಕುರ್ಚಿ ಕಿರ್ರ್ ಅಂತ ಬಂತು. ಆ ಗಾಲಿಗೆ ಎಣ್ಣೆ ಹಾಕುತ್ತೇನೆ ಅಂತ ಅವನು ಒಂದು ತಿಂಗಳಿಂದ ಹೇಳುತ್ತಿದ್ದಾನೆ. ಲೋಕದ ಸದ್ದನ್ನೆಲ್ಲ ಮಾಡಿದವನಿಗೆ ಮನೆಯ ಒಂದು ಸದ್ದು ನಿಲ್ಲಿಸೋಕೆ ಪುರುಸೊತ್ತಿಲ್ಲ, ನೋಡಿ.

"ಸಿಕ್ಕಿತು ಕಣೇ. ಬುಧವಾರ."

"ಅಬ್ಬಾ," ಅಂದಳು ಅವಳು. "ಶುಕ್ರವಾರಕ್ಕೆ ಮುಂಚೆ ಸಿಕ್ಕಿತಲ್ಲ, ಅಷ್ಟು ಸಾಕು."

ಶುಕ್ರವಾರದ ವಿಷಯ ಹೇಳುವುದಕ್ಕೆ ಮುಂಚೆ ಈ ಮನುಷ್ಯನ ಕಸುಬು ಏನು ಅಂತ ಹೇಳಿಬಿಡಬೇಕು. ಸದ್ದಪ್ಪ ಅನ್ನುವುದು ಹೆತ್ತವರಿಟ್ಟ ಹೆಸರಲ್ಲ, ಸ್ಟುಡಿಯೋದವರು ಇಟ್ಟದ್ದು. ಸಿನಿಮಾದಲ್ಲಿ ಹೀರೋ ಬಾಗಿಲು ಒದೆಯುವುದು, ಕೇಡಿಯ ಕೆನ್ನೆಗೆ ಏಟು ಬೀಳುವುದು, ಕುದುರೆ ಓಡುವುದು, ಒಲೆ ಮೇಲೆ ಹಾಲು ಉಕ್ಕುವುದು, ಇದೆಲ್ಲ ನಿಮ್ಮ ಕಿವಿಗೆ ಬೀಳುತ್ತದಲ್ಲ? ಅದ್ಯಾವುದೂ ಶೂಟಿಂಗಿನಲ್ಲಿ ಸಿಗುವುದಿಲ್ಲ ಸ್ವಾಮಿ. ಆಮೇಲೆ ಒಂದು ಮುಚ್ಚಿದ ಕೋಣೆಯಲ್ಲಿ ಪರದೆ ನೋಡುತ್ತಾ ಯಾರಾದರೂ ಮಾಡಬೇಕು. ಕುದುರೆ ಅಂದರೆ ಎರಡು ತೆಂಗಿನ ಚಿಪ್ಪು. ಕೆನ್ನೆಗೆ ಏಟು ಅಂದರೆ ಒದ್ದೆ ಟವೆಲ್. ಮೂಳೆ ಮುರಿಯಬೇಕಾದರೆ ಮೂಲಂಗಿ. ಸದ್ದಪ್ಪ ಎಷ್ಟು ಜನರ ಮೂಳೆ ಮುರಿದನೋ, ಅಷ್ಟು ಮೂಲಂಗಿ ಅವನ ಮನೆಯ ಸಾರಿಗೆ ಬಿತ್ತು.

ಎಲ್ಲಾ ಬಂತು ಅವನಿಗೆ, ಒಂದು ಬಿಟ್ಟು. ಹೆಂಗಸರ ನಡಿಗೆ ಬರಲಿಲ್ಲ. ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಂದು ಸಿನಿಮಾದಲ್ಲಿ ಹೀರೋಯಿನ್ ಮನೆ ಬಿಟ್ಟು ಹೊರಡುವ ಸೀನು. ಇವನು ಹೈಹೀಲ್ಸಿನ ಹಿಂಭಾಗ ಕತ್ತರಿಸಿ, ತನ್ನ ಒಂಬತ್ತನೇ ನಂಬರಿನ ಪಾದವನ್ನು ಅದರಲ್ಲಿ ತುರುಕಿ ನಡೆದ. "ಏನಯ್ಯಾ ಇದು, ಹಸು ಹೆಂಚಿನ ಮೇಲೆ ಹತ್ತಿದ ಹಾಗಿದೆ," ಅಂದರು ರೆಕಾರ್ಡಿಸ್ಟು. ಹದಿನೇಳು ಟೇಕ್ ಆಯಿತು. ಊಟದ ಡಬ್ಬಿ ತಂದು ಬಾಗಿಲಲ್ಲಿ ನಿಂತಿದ್ದ ಹೆಂಡತಿ, ಆಗಿನ್ನೂ ಹೊಸ ಮದುವೆ, ನಗು ತಡೆಯಲಾರದೆ ಕಿಸಕ್ಕನೆ ನಕ್ಕಳು. "ನಗೋದು ಸುಲಭ, ನೀನೇ ನಡಿ ನೋಡೋಣ," ಅಂದ ಇವನು ಸಿಟ್ಟಿನಲ್ಲಿ. ಅವಳು ಡಬ್ಬಿ ಕೆಳಗಿಟ್ಟು, ಅಲ್ಲಿದ್ದ ಇನ್ನೊಂದು ಜೊತೆ ಹಾಕಿಕೊಂಡು ನಡೆದಳು. ಒಂದೇ ಟೇಕಿಗೆ ಓಕೆ.

"ಹೇಗೇ ಮಾಡಿದೆ?" ಅಂತ ದಾರಿಯಲ್ಲಿ ಕೇಳಿದ.

"ನೀವು ಪರದೆ ಮೇಲೆ ಅವಳ ಕಾಲು ನೋಡ್ಕೊಂಡು ನಡೀತೀರಿ. ಕಾಲು ನೋಡಿದ್ರೆ ತಡ ಆಗುತ್ತೆ. ಭುಜ ನೋಡ್ಬೇಕು. ಹೆಂಗಸು ಮೊದಲು ಭುಜದಲ್ಲಿ ಹೊರಡ್ತಾಳೆ."

ಅವತ್ತಿನಿಂದ ಇಪ್ಪತ್ತಾರು ವರ್ಷ, ಆ ಸ್ಟುಡಿಯೋದಿಂದ ಹೊರಬಂದ ಸಿನಿಮಾಗಳಲ್ಲಿ ನಡೆದ ಹೆಂಗಸರೆಲ್ಲ ಅವಳೇ. ಓಡಿಹೋಗುವವಳು, ವಾಪಸು ಬರುವವಳು, ಬಸುರಿ, ಕಳ್ಳಿ, ಅತ್ತೆ, ಮಗು ಕಳೆದುಕೊಂಡ ತಾಯಿ. ಆ ತಾಯಿ ಆಸ್ಪತ್ರೆಯ ಮೆಟ್ಟಿಲಿಳಿಯುವ ನಡಿಗೆ ಕೇಳಿ ರೆಕಾರ್ಡಿಸ್ಟು ಹೆಡ್‌ಫೋನ್ ತೆಗೆದಿಟ್ಟು ಎದ್ದು ಹೊರಗೆ ಹೋಗಿದ್ದರು. ಅವಳ ಗುರುತು ಒಂದಿತ್ತು. ನಡೆದು ನಿಂತ ಮೇಲೆ ಎಡ ಹಿಮ್ಮಡಿ ಒಂದು ಗಳಿಗೆ ತಡವಾಗಿ ನೆಲ ಮುಟ್ಟುತ್ತಿತ್ತು. ಹುಟ್ಟಾ ಬಂದದ್ದು.

ಆದರೆ ಸಿನಿಮಾ ಕಾರ್ಮಿಕರ ಸಂಘದ ಕಾರ್ಡು ಇದ್ದದ್ದು ಇವನೊಬ್ಬನಿಗೆ. ಕಾರ್ಡಿಲ್ಲದವರು ಆ ಕೋಣೆಗೆ ಕಾಲಿಡುವ ಹಾಗಿಲ್ಲ. "ಒಳಗೆ ಯಾರು ನಡೆದ್ರು ಅಂತ ಯಾರು ಇಣುಕಿ ನೋಡ್ತಾರೆ? ನಿನ್ನ ಹೆಸರೇ ಬರಿ," ಅಂದುಬಿಟ್ಟಿದ್ದರು ರೆಕಾರ್ಡಿಸ್ಟು. ಬರೆದ. ಹಿಂಬಾಗಿಲಿನಿಂದ ಅವಳು ಬರುತ್ತಿದ್ದಳು, ಮುಂಬಾಗಿಲಿನ ರಿಜಿಸ್ಟರಿನಲ್ಲಿ ಇವನು ಸಹಿ ಹಾಕುತ್ತಿದ್ದ. ಮನೆ ಒಂದೇ ಅಲ್ಲವೇ, ನಂದೇನು ನಿಂದೇನು ಅಂದುಕೊಂಡ. ಹಾಗೆ ಅಂದುಕೊಳ್ಳುವುದು ಯಾವಾಗಲೂ ಸಹಿ ಹಾಕುವವರೇ ಅನ್ನುವುದು ಬೇರೆ ಮಾತು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಇಳಿದವಳು, "ರೀ, ನನ್ನ ಎಡಗಾಲು ನೆಲ ಮುಟ್ಟಿತಾ ನೋಡಿ, ನಂಗೆ ಗೊತ್ತಾಗ್ತಿಲ್ಲ," ಅಂದಳು. ಬೆನ್ನುಹುರಿಯ ಕಾಯಿಲೆ. ಆರು ತಿಂಗಳಲ್ಲಿ ಎರಡೂ ಕಾಲು ಹೋದವು. ಈಗ ಸಂಜೆ ಹೊತ್ತು ಟಿವಿ ಮುಂದೆ ಕೂತಿರುತ್ತಾಳೆ. ಯಾವುದೋ ಧಾರಾವಾಹಿಯಲ್ಲಿ ಯಾವಳೋ ಒಬ್ಬಳು ಕೋಪದಿಂದ ಕೋಣೆ ದಾಟುತ್ತಾಳೆ, ಟಕ್ ಟಕ್ ಟಕ್, ಕೊನೆಗೆ ಒಂದು ತಡವಾದ ಟಕ್. "ನೋಡಿ ರೀ, ನಾನು ಹೋಗ್ತಾ ಇದೀನಿ," ಅನ್ನುತ್ತಾಳೆ. ಅಷ್ಟೇ ಅನ್ನುತ್ತಾಳೆ. ಸದ್ದಪ್ಪನಿಗೆ ಆಗ ಆ ಕೋಣೆಯಲ್ಲಿ ಕೂತಿರಲು ಆಗುವುದಿಲ್ಲ, ಎದ್ದು ಹೋಗಿ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾನೆ.

ಧಾರಾವಾಹಿಗೆ ಅವಳ ನಡಿಗೆ ಹೇಗೆ ಹೋಯಿತು ಅಂತೀರಾ? ಹಳೆ ಯಜಮಾನರು ಹೋದ ಮೇಲೆ ಸ್ಟುಡಿಯೋ ಅವರ ಮಗನ ಕೈಗೆ ಬಂತು. ಚಿಕ್ಕ ಯಜಮಾನ ಬಲು ಚುರುಕು. ಮೂವತ್ತು ವರ್ಷದ ರೆಕಾರ್ಡಿಂಗನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿ, ಒಂದೊಂದು ಸದ್ದನ್ನೂ ಕತ್ತರಿಸಿ, ನಂಬರು ಕೊಟ್ಟು, ಬೇಕಾದವರಿಗೆ ಮಾರುವ ಭಂಡಾರ ಮಾಡಿಬಿಟ್ಟ. 'ಹೆಂಗಸಿನ ನಡಿಗೆ, ಅವಸರ, ಹದಿನಾಲ್ಕು.' 'ಹೆಂಗಸಿನ ನಡಿಗೆ, ದುಃಖ, ಒಂಬತ್ತು.' ಆಮೇಲೆ ಹೋದ ವರ್ಷ ಸದ್ದಪ್ಪನನ್ನು ಕರೆಸಿ, ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ದಪ್ಪನೆಯ ಹಾಳೆಯಲ್ಲಿ ಮುದ್ರಿಸಿದ ಒಂದು ಕಾಗದ ಮುಂದಿಟ್ಟ. 'ಜೊತೆಗಿರುವ ಪಟ್ಟಿಯ ಎಲ್ಲಾ ಸದ್ದುಗಳ ಏಕೈಕ ಸೃಷ್ಟಿಕರ್ತನಾದ ನಾನು,' ಅಂತ ಶುರು.

ಏಕೈಕ ಸೃಷ್ಟಿಕರ್ತ! ಒಂದು ಸಿನಿಮಾದ ಟೈಟಲಿನಲ್ಲೂ ಹೆಸರು ಬಾರದವನು. ಟೈಟಲ್ ಓಡುವಾಗ ಕಣ್ಣಲ್ಲಿ ಕಣ್ಣಿಟ್ಟು ಕೂತು, ಲೈಟ್‌ಬಾಯ್‌ಗಳ ಹೆಸರೂ ಮುಗಿದ ಮೇಲೆ ತಲೆ ತಗ್ಗಿಸಿಕೊಂಡು ಎದ್ದು ಬಂದವನು. ಆ ಎರಡು ಪದ ಓದಿ ಅವನ ಕಣ್ಣು ಮಂಜಾಯಿತು. ಅಲ್ಪವಿರಾಮದ ಆಚೆ ಏನಿದೆ ಅಂತ ನೋಡಬೇಕಲ್ಲ ಪುಣ್ಯಾತ್ಮ? ನೋಡಲಿಲ್ಲ. ಸಹಿ ಹಾಕಿದ. ಹಾಕಿದ್ದಷ್ಟೇ ಅಲ್ಲ, ತನ್ನ ಪಾಲಿನ ಪ್ರತಿಯನ್ನು ನೇರವಾಗಿ ಫೋಟೋ ಅಂಗಡಿಗೆ ಒಯ್ದು ಗಾಜು ಹಾಕಿಸಿ, ಚಿನ್ನದ ಬಣ್ಣದ ಕಟ್ಟು ಕಟ್ಟಿಸಿ, ಮನೆಗೆ ತಂದು ಗೋಡೆಗೆ ಮೊಳೆ ಹೊಡೆದ. ತನ್ನ ಬದುಕನ್ನೇ ಬರೆದುಕೊಟ್ಟ ಕರಾರನ್ನು ಪ್ರಶಸ್ತಿ ಪತ್ರದ ಹಾಗೆ ನೇತುಹಾಕಿದವನು ಲೋಕದಲ್ಲಿ ಇವನೊಬ್ಬನೇ ಇರಬೇಕು.

ಹೆಂಡತಿ ಗಾಲಿಕುರ್ಚಿಯಲ್ಲಿ ಕೂತು ಕತ್ತೆತ್ತಿ ಓದಿದಳು. "ಏಕೈಕ ಅಂದ್ರೆ ಒಬ್ಬರೇ ಅಂತ ಅಲ್ವಾ?"

"ಅದು ಕಾಗದದ ಭಾಷೆ ಕಣೇ. ಹಾಗೇ ಬರೀತಾರೆ."

ಅವಳು ಮತ್ತೊಮ್ಮೆ ಕಟ್ಟಿನತ್ತ ನೋಡಿದಳು. "ಮೊಳೆ ಒಂಚೂರು ಎಡಕ್ಕೆ ಹೊಡೀರಿ, ಸೊಟ್ಟ ಆಗಿದೆ," ಅಂದಳು.

ಅವತ್ತಿನಿಂದ ಸ್ಟುಡಿಯೋದಿಂದ ಒಂದು ಕರೆ ಬರಲಿಲ್ಲ. ಹೋಗಿ ಕೇಳಿದರೆ, "ಎಲ್ಲಾ ಕಂಪ್ಯೂಟರಲ್ಲೇ ಇದೆಯಲ್ಲ ಮೇಷ್ಟ್ರೇ, ನೀವು ಆರಾಮಾಗಿರಿ," ಅಂದರು. ಹೋದ ವಾರ ಹಳೆಯ ಗೆಳೆಯ, ಎಡಿಟರು, ಮನೆಗೇ ಬಂದು ಗುಟ್ಟು ಹೇಳಿದ. ಇಡೀ ಭಂಡಾರವನ್ನು ಯಾವುದೋ ಪರದೇಶದ ಕಂಪನಿ ಕೊಳ್ಳುತ್ತಿದೆ. ಶುಕ್ರವಾರ ಸಂಜೆ ಸಹಿ. ಅದಾದ ಮೇಲೆ ಕೇಳಬೇಕಾದರೆ ಯಾರನ್ನು ಕೇಳುತ್ತೀರಿ, ಆ ಕಂಪನಿಯ ಬಾಗಿಲು ಎಲ್ಲಿದೆ ಅಂತಲೇ ನಮಗೆ ಗೊತ್ತಿಲ್ಲ. ಅಷ್ಟರೊಳಗೆ ವಕೀಲರ ಕಡೆಯಿಂದ ಒಂದು ತಕರಾರು ಹೋದರೆ ಕಂಪನಿಯವರು ಹೆದರಿ ನಿಲ್ಲಿಸಬಹುದು. ಇಲ್ಲದಿದ್ದರೆ ಮುಗಿಯಿತು.

ಭಂಡಾರದ ಗಳಿಕೆಯಲ್ಲಿ ತಿಂಗಳಿಗಿಷ್ಟು ಅಂತ ಬಂದರೆ ಹೆಂಡತಿಯ ಚಿಕಿತ್ಸೆ ನಡೆಯುತ್ತದೆ, ಚಿಕಿತ್ಸೆ ನಿಂತರೆ ಈಗ ಬೆರಳಲ್ಲಿರುವ ಅಲ್ಪಸ್ವಲ್ಪ ಹಿಡಿತವೂ ಹೋಗುತ್ತದೆ ಅಂತ ಡಾಕ್ಟರು ಹೇಳಿ ಎರಡು ತಿಂಗಳಾಗಿತ್ತು. ಮೊದಲು ಸದ್ದಪ್ಪನನ್ನು ಭಾಮೈದ ತನಗೆ ಗೊತ್ತಿದ್ದ ವಕೀಲನ ಹತ್ತಿರ ಕರೆದುಕೊಂಡು ಹೋದ. ಆಸ್ತಿ ಜಗಳದ ವಕೀಲ. ಎಲ್ಲಾ ಕೇಳಿ, "ಸರಿ, ಈ ಸದ್ದು ಯಾರ ಹೆಸರಿಗೆ ನೋಂದಣಿ ಆಗಿದೆ? ನಾಲ್ಕು ದಿಕ್ಕಿನ ಗಡಿ ಏನು?" ಅಂದ. ಸದ್ದಪ್ಪ ತಲೆ ಚಚ್ಚಿಕೊಂಡು ಎದ್ದು ಬಂದ. ಕೊನೆಗೆ ಎಡಿಟರೇ ಸಿನಿಮಾ, ಹಾಡು, ನಾಟಕ ಇಂಥವರ ಕೇಸನ್ನು ಮಾತ್ರ ಹಿಡಿಯುವ ಒಬ್ಬ ವಕೀಲೆಯ ನಂಬರು ಕೊಟ್ಟ. ನಾಲ್ಕು ದಿನ ಫೋನ್ ಮಾಡಿ ಮಾಡಿ ಸಿಕ್ಕಿದ್ದೇ ಈ ಅರ್ಧ ಗಂಟೆ.

ಮಂಗಳವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತ. ಮೊದಲ ಹಾಳೆ ಬಾಲ್ಯದಲ್ಲೇ ತುಂಬಿತು. ಹರಿದ. ಎರಡನೆಯದರಲ್ಲಿ ಚಿಕ್ಕ ಯಜಮಾನನನ್ನು ಬೈದದ್ದೇ ಅರ್ಧ ಆಯಿತು. ಹರಿದ. ಮೂರನೆಯದು ಒಂದು ಹದಕ್ಕೆ ಬಂತು. ಮೂರನೇ ವರ್ಷಕ್ಕೆ ಬಂದಾಗ ಪೆನ್ನು ನಿಂತಿತು. ಹೆಂಡತಿ ಎದುರಿಗೆ ಬಟ್ಟೆ ಮಡಚುತ್ತಾ ಕೂತಿದ್ದಳು. ಅವನು ಕೈ ಅಡ್ಡ ಹಿಡಿದು, ಪರೀಕ್ಷೆಯಲ್ಲಿ ಪಕ್ಕದವನಿಗೆ ಕಾಣದ ಹಾಗೆ ಬರೆಯುವವನಂತೆ ಬರೆದ: 'ಈ ವರ್ಷದಿಂದ ಹೆಂಗಸರ ನಡಿಗೆಯನ್ನೂ ನಾನೇ ಮಾಡತೊಡಗಿದೆ.'

"ಮೂರನೇ ವರ್ಷ ಆಯ್ತಾ?" ಅಂದಳು ಅವಳು, ಕೈಯಲ್ಲಿದ್ದ ಟವೆಲಿನಿಂದ ಕಣ್ಣೆತ್ತದೆ.

ಅವನ ಮುಖ ಹುಳ್ಳಗಾಯಿತು. "ನೋಡೇ, ನಿಜ ಬರೆದ್ರೆ ಏನಾಗುತ್ತೆ ಯೋಚನೆ ಮಾಡು. ಇಷ್ಟು ವರ್ಷ ರಿಜಿಸ್ಟರಲ್ಲಿ ಸುಳ್ಳು ಬರೆದ ಅಂತಾರೆ. ಕಾರ್ಡು ಕಿತ್ಕೊತಾರೆ. ಏಕೈಕ ಅಂತ ಸಹಿ ಹಾಕಿದೀನಿ, ಅದೂ ಸುಳ್ಳು ಅಂತ ಆಗುತ್ತೆ. ಇರೋ ಒಂದು ಕಾಗದಾನೂ ಹೋಗುತ್ತೆ."

"ನಾನೇನಾದ್ರೂ ಅಂದ್ನಾ?"

"ಅಂದಿಲ್ಲ. ಆದ್ರೂ."

"ಬರೀರಿ, ನಿಮಗೆ ಹೇಗೆ ತೋಚುತ್ತೋ ಹಾಗೆ."

ಜಗಳ ಆಡಿದ್ದರೆ ವಾಸಿಯಿತ್ತು. ಹಾಳೆ ಮುಗಿಯಿತು, ಮೇಲಿನ ಆ ಒಂದು ವಾಕ್ಯ ಮಾತ್ರ ಆಗಲಿಲ್ಲ. 'ನನಗೆ ನ್ಯಾಯ ಬೇಕು' ಅಂತ ಬರೆದ. ನಾಟಕದ ಮಾತಿನ ಹಾಗೆ ಕಂಡಿತು, ಹೊಡೆದುಹಾಕಿದ. 'ನನಗೆ ಪಾಲು ಬೇಕು' ಅಂತ ಬರೆದ. ದಾಯಾದಿ ಜಗಳದ ಹಾಗೆ ಕಂಡಿತು, ಅದನ್ನೂ ಹೊಡೆದ. ಜಾಗ ಖಾಲಿ ಬಿಟ್ಟ.

ಮಧ್ಯಾಹ್ನ ಹೆಂಡತಿಯೇ ಅಂದಳು, "ಒಂದ್ಸಲ ರಿಹರ್ಸಲ್ ಮಾಡೋಣ ಬನ್ನಿ. ನಾನು ವಕೀಲಮ್ಮ." ಗಡಿಯಾರ ಎದುರಿಗಿಟ್ಟುಕೊಂಡು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಗಂಟಲು ಕೆರೆದುಕೊಂಡು ಕೂತಳು. "ಹ್ಞೂಂ, ಹೇಳಿ. ಏನು ನಿಮ್ಮ ತಕರಾರು?"

ಸದ್ದಪ್ಪ ಶುರು ಮಾಡಿದ. ಅವನ ತಂದೆಯ ಸೈಕಲ್ ಅಂಗಡಿ, ಆ ಸೈಕಲ್ ಬೆಲ್ಲಿನ ಸದ್ದು, ಅದರಿಂದ ತನಗೆ ಹುಟ್ಟಿದ ಹುಚ್ಚು.

"ಹನ್ನೆರಡು ನಿಮಿಷ ಆಯ್ತು," ಅಂದಳು ವಕೀಲಮ್ಮ. "ನೀವಿನ್ನೂ ಸ್ಟುಡಿಯೋ ಗೇಟೇ ದಾಟಿಲ್ಲ."

ಅವನಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕರು. ಮತ್ತೆ ಮೊದಲಿಂದ ಹೇಳಿದ. ಈ ಸಲ ಚುಟುಕಾಗಿ ಹೇಳಿದ, ಕುದುರೆ, ಏಟು, ಬೆಂಕಿ ಎಲ್ಲಾ ಬಂತು. ಅವಳು ತಲೆಯಾಡಿಸುತ್ತಾ ಕೇಳಿದಳು. ಆಮೇಲೆ ಅದೇ ವಕೀಲರ ದನಿಯಲ್ಲಿ, "ಹೆಂಗಸರ ನಡಿಗೆ ಯಾರು ಮಾಡ್ತಿದ್ರು?" ಅಂದಳು.

ಅವನ ನಗು ಅಲ್ಲೇ ಇಂಗಿತು. ಗಡಿಯಾರ ನೋಡಿದ. ಗೋಡೆಯ ಮೇಲಿನ ಚಿನ್ನದ ಕಟ್ಟು ನೋಡಿದ.

"ನಾನೇ," ಅಂದ.

"ಈ ಕಾಲಲ್ಲಾ?"

ಅವನು ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಅವಳು ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಅದಕ್ಕೇ ಅವನಿಗೆ ಅಷ್ಟು ಸಂಕಟವಾದದ್ದು.

"ಸರಿ. ಮುಂದೆ ಹೇಳಿ," ಅಂದಳು.

ಮುಂದೆ ಏನು ಹೇಳಿದನೋ ಅವನಿಗೇ ನೆನಪಿಲ್ಲ.

ಬುಧವಾರ ಬೆಳಿಗ್ಗೆ ಅವಳು ತಾನೂ ಬರುತ್ತೇನೆ ಅಂತ ಹಟ ಹಿಡಿದಳು. "ಎರಡನೇ ಮಹಡಿ ಕಣೇ, ಲಿಫ್ಟಿಲ್ಲವಂತೆ." "ಕೆಳಗೆ ಕೂತಿರ್ತೀನಿ. ಮನೇಲೂ ಕೂತೇ ಇರೋದಲ್ವಾ." ಅವನು ಗಡ್ಡ ಕೆರೆದುಕೊಳ್ಳುವಷ್ಟರಲ್ಲಿ ಅವಳೇ ಚೀಲ ತುಂಬಿಟ್ಟಿದ್ದಳು. ಅವನು ತೆಗೆದಿಟ್ಟಿದ್ದ ಚಿಪ್ಪು, ಟವೆಲ್, ಹಳೆ ಬೂಟು ಎಲ್ಲಾ ಒಳಗೆ. ಗೋಡೆಯಿಂದ ಕಟ್ಟು ಇಳಿಸಿ, ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಬಿಚ್ಚಿ ಕಾಗದ ತೆಗೆಯೋಣ ಅಂದರೆ ಫೋಟೋ ಅಂಗಡಿಯವನು ಹಿಂದೆ ಹಾಕಿದ್ದ ಮೊಳೆಗಳು ಕದಲಲಿಲ್ಲ.

ಆ ಕಟ್ಟಡದ ಕೆಳಗೆ ಒಂದು ಜೆರಾಕ್ಸ್ ಅಂಗಡಿ. ಅಂಗಡಿಯಾಕೆ ಸ್ಟೂಲ್ ಸರಿಸಿ ಗಾಲಿಕುರ್ಚಿಗೆ ಜಾಗ ಮಾಡಿಕೊಟ್ಟಳು. ಸದ್ದಪ್ಪ ಒಬ್ಬನೇ ಮೆಟ್ಟಿಲು ಹತ್ತಿದ.

ನಿಜವಾದ ವಕೀಲಮ್ಮ ಐವತ್ತರ ಹೆಂಗಸು, ಕುಳ್ಳಗೆ, ಮಾತು ಕಡ್ಡಿ ಮುರಿದ ಹಾಗೆ. ಬೆಡ್‌ಶೀಟ್ ಬಿಚ್ಚಿ ಕಟ್ಟು ಮೇಜಿನ ಮೇಲೆ ಇಟ್ಟಾಗ ಒಂದು ಕ್ಷಣ ಅವನ ಮುಖ ನೋಡಿದರು. "ಕರಾರು ಎಲ್ಲಿ ಅಂದ್ರೆ ಇದಾ?"

"ಹೌದು ಮೇಡಂ."

"ಗಾಜು ಹಾಕ್ಸಿದೀರಾ?"

"ಹೌದು ಮೇಡಂ."

ಅವರು ನಗಲಿಲ್ಲ. ಕಟ್ಟನ್ನು ಬೆಳಕಿಗೆ ಹಿಡಿದು ಓದಿದರು. ಅಲ್ಪವಿರಾಮದ ಆಚೆಯದನ್ನು ದನಿಯೆತ್ತಿ ಓದಿದರು: "'ಅವುಗಳ ಮೇಲಿನ ಸಕಲ ಹಕ್ಕುಗಳನ್ನೂ ಶಾಶ್ವತವಾಗಿ, ಯಾವ ಷರತ್ತೂ ಇಲ್ಲದೆ, ಸ್ಟುಡಿಯೋಗೆ ಬಿಟ್ಟುಕೊಟ್ಟಿರುತ್ತೇನೆ.' ಯಜಮಾನ್ರೇ, ನಿಮ್ಮನ್ನ ಯಾರೂ ಹೆದರಿಸಿ ಸಹಿ ಹಾಕಿಸಲಿಲ್ಲ?"

"ಇಲ್ಲ. ಕಾಫಿ ಕೊಟ್ರು."

"ಓದೋಕೆ ಬಿಡಲಿಲ್ವಾ?"

"ಬಿಟ್ರು. ನಾನೇ…"

ವಕೀಲಮ್ಮ ಕಟ್ಟನ್ನು ನಿಧಾನವಾಗಿ ಕೆಳಗಿಟ್ಟರು. "ಸುಳ್ಳು ಭರವಸೆ ಕೊಡೋದು ನನಗೆ ಬರಲ್ಲ. ನಿಮ್ಮದು ಏನೇನಿತ್ತೋ ಅದೆಲ್ಲ ನೀವೇ ಕೊಟ್ಟಾಗಿದೆ. ಈ ಕಾಗದ ಗಟ್ಟಿಯಾಗಿದೆ. ಇದರ ಮೇಲೆ ಶುಕ್ರವಾರ ಅಲ್ಲ, ಇನ್ನು ಹತ್ತು ವರ್ಷ ಆದ್ರೂ ನಾನು ಏನೂ ಮಾಡೋಕಾಗಲ್ಲ."

ಸದ್ದಪ್ಪ ಏನು ಮಾಡಬೇಕೋ ತೋಚದೆ ಚೀಲಕ್ಕೆ ಕೈ ಹಾಕಿ ಒಂದೊಂದೇ ಸಾಮಾನು ತೆಗೆದು ಮೇಜಿನ ಮೇಲೆ ಇಡತೊಡಗಿದ. "ಇದು ಕುದುರೆ ಮೇಡಂ… ಇದು ಏಟು… ಇದು ಪೊಲೀಸಿನವರ ನಡಿಗೆ…" ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುವ ಹಾಗೆ ಅವನ ಕೈ ಚೀಲದ ತಳ ತಡಕಿತು. ತಳದಲ್ಲಿ, ಹಳೇ ಪೇಪರಿನಲ್ಲಿ ಸುತ್ತಿದ ಏನೋ ಒಂದು ಸಿಕ್ಕಿತು. ಅವನು ಇಟ್ಟದ್ದಲ್ಲ ಅದು. ಬಿಚ್ಚಿದ. ಹೆಂಗಸರ ಒಂದು ಜೊತೆ ಕಪ್ಪು ಹೈಹೀಲ್ಸ್. ಎಡಗಾಲಿನ ಹಿಮ್ಮಡಿ ಒಂದು ಪಕ್ಕಕ್ಕೆ ಸವೆದಿತ್ತು.

ಸದ್ದಪ್ಪ ಗರಬಡಿದವನಂತೆ ಕೂತ. ತಾನು ಗಡ್ಡ ಕೆರೆದುಕೊಳ್ಳುತ್ತಿದ್ದಾಗ ಅವಳು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಪೇಪರ್ ಸುತ್ತಿರಬೇಕು.

ವಕೀಲಮ್ಮ ಒಂದು ಶೂ ಎತ್ತಿ ತಿರುಗಿಸಿ ಅಡಿಯ ನಂಬರು ನೋಡಿದರು. ನಾಲ್ಕು. ಮೇಜಿನ ಪಕ್ಕಕ್ಕೆ ಬಾಗಿ ಅವನ ಪಾದ ನೋಡಿದರು.

"ಇದು ಯಾವ ಸದ್ದು?"

'ನನ್ನದೇ' ಅಂದುಬಿಡಬಹುದಿತ್ತು. ಹಿಂಭಾಗ ಕತ್ತರಿಸಿ ತುರುಕಿಕೊಳ್ಳುತ್ತಿದ್ದೆ ಅನ್ನಬಹುದಿತ್ತು. ನಿನ್ನೆ ಅಷ್ಟು ಸಲೀಸಾಗಿ ಬಂದಿತ್ತು ಆ ಮಾತು. ಇವತ್ತು ಆ ಸವೆದ ಹಿಮ್ಮಡಿಯ ಎದುರಿಗೆ ಗಂಟಲಿಂದ ಹೊರಡಲಿಲ್ಲ.

"ನನ್ನ ಹೆಂಡ್ತಿದು ಮೇಡಂ," ಅಂದ. ಅಂದವನೇ ಅತ್ತುಬಿಟ್ಟ. "ಹೆಂಗಸರ ನಡಿಗೆ ಒಂದೂ ನಂದಲ್ಲ. ಇಪ್ಪತ್ತಾರು ವರ್ಷ ಅವಳು ನಡೆದ್ಲು, ನಾನು ನನ್ನ ಹೆಸರು ಬರೆದೆ."

ವಕೀಲಮ್ಮ ಅವನು ಸುಧಾರಿಸಿಕೊಳ್ಳಲಿ ಅಂತಲೂ ಕಾಯಲಿಲ್ಲ. ಕುರ್ಚಿಯ ಅಂಚಿಗೆ ಬಂದರು. "ಅವರು ಯಾವುದಾದ್ರೂ ಕಾಗದಕ್ಕೆ ಸಹಿ ಹಾಕಿದಾರಾ? ಯಾವುದಾದ್ರೂ?"

"ಅವಳ ಸಹಿ ಯಾರೂ ಕೇಳೇ ಇಲ್ಲ."

"ಅವರ ನಡಿಗೆಯನ್ನ ಅವರು ಯಾರಿಗೂ ಕೊಟ್ಟಿಲ್ಲ ಅಂತಾಯ್ತು. ನಿಮ್ಮದಲ್ಲದ್ದನ್ನ ನೀವು ಕೊಡೋಕಾಗಲ್ಲ. ಈ ಹಾಳೆಯಲ್ಲಿ ಇದನ್ನ ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದೀರಲ್ಲ ಯಜಮಾನ್ರೇ!" ಆ ಹಾಳೆ ಪಕ್ಕಕ್ಕೆ ಸರಿಸಿದರು. "ನೀವು ನನ್ನ ಕಕ್ಷಿದಾರರಲ್ಲ. ಅವರು. ಎಲ್ಲಿದಾರೆ?"

"ಕೆಳಗೆ. ಮೆಟ್ಟಿಲು ಹತ್ತೋಕಾಗಲ್ಲ ಅವಳಿಗೆ."

ಗಡಿಯಾರದಲ್ಲಿ ಇನ್ನು ಒಂಬತ್ತು ನಿಮಿಷ ಇತ್ತು. ವಕೀಲಮ್ಮ ಪೆನ್ನು, ಖಾಲಿ ಹಾಳೆಗಳು, ಆ ಶೂ ಎಲ್ಲಾ ಎತ್ತಿಕೊಂಡು ಎದ್ದರು. ಇಳಿಯುತ್ತಲೇ ಮಾತಾಡಿದರು. ನಾಳೆ ಮಧ್ಯಾಹ್ನದೊಳಗೆ ಸ್ಟುಡಿಯೋಗೂ ಆ ಕಂಪನಿಗೂ ನೋಟಿಸ್ ಹೋಗಬೇಕು. ಮಾರಾಟ ನಿಲ್ಲುತ್ತದೋ ಇಲ್ಲವೋ ಹೇಳಲಾರೆ. ಆದರೆ ಅದಕ್ಕೆ ಇವನ ಕೈಬರಹದಲ್ಲಿ ಒಂದು ಹೇಳಿಕೆ ಬೇಕು. ರಿಜಿಸ್ಟರ್ ಸುಳ್ಳು, ಏಕೈಕ ಅಂತ ಸಹಿ ಹಾಕಿದ್ದು ಸುಳ್ಳು ಅಂತ ಇವನೇ ಬರೆಯಬೇಕು. ಸಂಘದವರು ಓದುತ್ತಾರೆ, ಸ್ಟುಡಿಯೋದಲ್ಲಿ ಎಲ್ಲರೂ ಓದುತ್ತಾರೆ. ಕಾರ್ಡು ಹೋಗುತ್ತದೆ ಅಂತಲೇ ತಿಳಿದುಕೊಳ್ಳಿ. "ನಿಮ್ಮ ಕುದುರೆ, ಏಟು, ಬಾಗಿಲು, ಅದ್ಯಾವುದೂ ವಾಪಸ್ ಬರಲ್ಲ. ಅದು ಹೋಯ್ತು. ಬರೀತೀರಾ?"

ಸದ್ದಪ್ಪ ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತ. ಮೂವತ್ತೊಂದು ವರ್ಷದಲ್ಲಿ ಅವನ ಹೆಸರು ಅಚ್ಚಾದದ್ದು ಒಂದೇ ಕಾಗದದಲ್ಲಿ. ಅದನ್ನು ಅವನೇ ಸುಳ್ಳು ಅನ್ನಬೇಕು.

"ಬರೀತೀನಿ," ಅಂದ.

ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕೈದು ಜನ ಇದ್ದರು. ವಕೀಲಮ್ಮ ಸ್ಟೂಲ್ ಎಳೆದುಕೊಂಡು ಹೆಂಡತಿಯ ಎದುರು ಕೂತು, ಶೂ ಅವಳ ಮಡಿಲಲ್ಲಿ ಇಟ್ಟರು. "ಅಮ್ಮಾ, ನಾನು ಮೊದಲು ಎಲ್ಲರಿಗೂ ಕೇಳೋದು ಒಂದೇ ಪ್ರಶ್ನೆ. ನಿಮಗೆ ಏನು ಬೇಕು?"

ಹೆಂಡತಿ ಗಂಡನ ಮುಖ ನೋಡಿದಳು. ಅತ್ತ ಕಣ್ಣು ನೋಡಿ ಅವಳಿಗೆ ಎಲ್ಲಾ ಗೊತ್ತಾಯಿತು. ಅವನ ಹಾಳೆಯ ಮೇಲೆ ಎರಡು ದಿನ ಖಾಲಿ ಉಳಿದ ಜಾಗ ತುಂಬೋಕೆ ಅವಳು ಒಂದು ಗಳಿಗೆಯೂ ತಗೊಳ್ಳಲಿಲ್ಲ.

"ನಡೆದದ್ದು ನಾನು ಅಂತ ಬರೆಸಿಕೊಡಿ," ಅಂದಳು.

ಅಂಗಡಿಯಾಕೆ ಬರೆಯೋಕೆ ಒಂದು ರಟ್ಟು ಕೊಟ್ಟಳು. ಸದ್ದಪ್ಪ ಅದನ್ನು ಗಾಲಿಕುರ್ಚಿಯ ಕೈಗೆ ಆನಿಸಿ, ನೆಲದ ಮೇಲೆ ಮಂಡಿಯೂರಿ ಬರೆದ. ಕೆಲಸದ ಕಾಗದವೊಂದರಲ್ಲಿ ಹೆಂಡತಿಯ ವಿಷಯ ಅವನು ಬರೆದದ್ದು ಅದೇ ಮೊದಲು. ಮೊದಲ ಸಾಲು ಮುಗಿದಾಗ ವಕೀಲಮ್ಮ, "ಓದಿ ಹೇಳಿ, ಅವರು ಒಪ್ಪಬೇಕು," ಅಂದರು.

ಓದಿದ. "'ಇಪ್ಪತ್ತಾರು ವರ್ಷಗಳ ಕಾಲ ಹೆಂಗಸರ ನಡಿಗೆಯ ಸದ್ದೆಲ್ಲವನ್ನೂ ಮಾಡಿದವಳು ನನ್ನ ಹೆಂಡತಿ. ಒಂದೂ ನನ್ನದಲ್ಲ.'" ಜೆರಾಕ್ಸ್ ಮಾಡಿಸಲು ನಿಂತಿದ್ದವರು ತಿರುಗಿ ನೋಡಿದರು. ಅವನಿಗೆ ತಲೆಯೆತ್ತಲಾಗಲಿಲ್ಲ. ಅವಳು 'ಸರಿ, ಮುಂದೆ' ಅನ್ನುತ್ತಾಳೆ ಅಂತ ಕಾದ.

ಅವಳು ಹಾಗನ್ನಲಿಲ್ಲ. ಶೂವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಇನ್ನೊಂದು ಸಲ ಓದಿ," ಅಂದಳು.

ಸದ್ದಪ್ಪ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಓದಿದ.